ಹಾಫ್ ಟೈಮಿನ ದೀದಾರು

ಹದಿಮೂರನೆಯ ಗೋಲು ಹೊಕ್ಕಾಗ ಮಯ್ಯತ್ತಿನ ಮನೆಯ ಅಂಗಳದಲ್ಲಿ ಮೊಬೈಲಿನಲ್ಲಿ ಆಟ ನೋಡುತ್ತಿದ್ದ ಯಾರೋ "ಛೇ!" ಅಂದರು. ಒಳಗೆ ಕೂತಿದ್ದ ಹೆಂಗಸರು ಅದು ಸತ್ತವನಿಗಾಗಿ ಅಂದದ್ದೆಂದು ತಿಳಿದು ಇನ್ನೊಂದು ಸುತ್ತು ಜೋರಾಗಿ ಅತ್ತರು. ಅತ್ತ ಗೋಲು, ಇತ್ತ ಗೋಳು.

ಗಂಗಾವತಿಯ ಅಕ್ಕಿ ಗಿರಣಿಯ ಮೇಸ್ತ್ರಿ ರಾಜಾಸಾಬ ಬೆಳಗಿನ ನಮಾಜಿಗೆ ಎದ್ದವನು ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿಬಿಟ್ಟಿದ್ದ. ಮೈ ತೊಳೆಸಿ, ಕಫನಿನ ಬಿಳಿ ಬಟ್ಟೆ ಸುತ್ತಿ ಅಂಗಳದಲ್ಲಿ ಮಲಗಿಸಿದ್ದರು. ಇಳಿಹೊತ್ತಿನ ಅಸರ್ ನಮಾಜಿಗೆ ಎತ್ತಬೇಕು. ಒಬ್ಬನೇ ಮಗ ಅಸ್ಲಮ ಆ ಹೊತ್ತಿನಲ್ಲಿ ಯುರೋಪಿನ ಯಾವುದೋ ಊರಿನಲ್ಲಿ, ದೇಶದೇಶಗಳ ನಡುವಿನ ಬ್ಯಾಂಡಿ ಪಂದ್ಯದಲ್ಲಿ ಭಾರತದ ಗೋಲು ಕಾಯುತ್ತಿದ್ದ. ಓಣಿಯವರ ಬಾಯಲ್ಲಿ ಅದು 'ಬಂಡಿ'. ಹಾಕಿಯಂಥದೇ ಆಟ, ಆದರೆ ಮೈದಾನ ಪೂರ್ತಿ ಮಂಜುಗಡ್ಡೆ, ಕಾಲಿಗೆ ಅಲಗಿನ ಬೂಟು. ಉಳಿದ ಹತ್ತು ಮಂದಿಯ ಕೈಗೆ ಕೋಲು, ಗೋಲು ಕಾಯುವವನಿಗೆ ಮಾತ್ರ ಕೋಲಿಲ್ಲ. ಅಸ್ಲಮ ಕಲಿತದ್ದು ಗಿರಣಿಯಲ್ಲಿ ಭತ್ತ ಒಣಹಾಕುವ ಸಿಮೆಂಟಿನ ನೆಲದ ಮೇಲೆ, ಗಾಲಿ ಬೂಟು ಕಟ್ಟಿಕೊಂಡು. ಅಪ್ಪನೇ ಭತ್ತ ಸರಿಸಿ ಜಾಗ ಮಾಡಿಕೊಡುತ್ತಿದ್ದ. ಐಸಿನ ಮೇಲೆ ಓಡುವುದು ತಂಡದಲ್ಲಿ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ನಿಲ್ಲುವುದಾದರೂ ಇವನಿಗೆ ಬರುತ್ತದಲ್ಲ ಎಂದು ಗೋಲಿಗೆ ನಿಲ್ಲಿಸಿದ್ದರು.

ಆಟಗಾರರ ಮೊಬೈಲುಗಳೆಲ್ಲ ಮ್ಯಾನೇಜರನ ಚೀಲದಲ್ಲಿ. ರಾಜಾಸಾಬನ ಅಣ್ಣ ಅಲ್ಲಾಸಾಬ ಬೆಳಗಿನಿಂದ ಆ ಮ್ಯಾನೇಜರನಿಗೆ, ಕೊಪ್ಪಳದ ಹಾಲೇಶನಿಗೆ, ಫೋನು ಹಚ್ಚಿ ಹಚ್ಚಿ ಸೋತಿದ್ದ. ಈಗ ಅವನು ಫೋನು ಎತ್ತಿದ.

"ಹುಡುಗಗ ಈಗ ಹೇಳಬ್ಯಾಡ್ರಿ ಯಜಮಾನ್ರ," ಅಂದ ಹಾಲೇಶ, ಎಲ್ಲ ಕೇಳಿಸಿಕೊಂಡು. "ಇನ್ನೊಬ್ಬ ಕೀಪರಂದು ಮುಂಗೈ ಮುರದೈತಿ. ಇಂವನೂ ಕುಂತಬಿಟ್ರ ನಾವು ಆಟ ಬಿಟ್ಟಂಗ. ದೇಶದ ಮರ್ಯಾದಿ ಪ್ರಶ್ನೆರಿ ಇದು."

"ಎಷ್ಟ ಗೋಲ ಆಗ್ಯಾವ?"

"ಹದಿಮೂರು."

"ಇನ್ನೂ ಉಳದೈತೇನ್ರಿ ಮರ್ಯಾದಿ?"

ಹಾಲೇಶ ದನಿ ತಗ್ಗಿಸಿದ. "ಹಾಫ್ ಟೈಮಿಗೆ ಎರಡು ಮಿನಿಟ ವಿಡಿಯೋದಾಗ ಕೊಡ್ತೀನಿ, ಮಾತಾಡ್ರಿ. ಸುದ್ದಿ ಮಾತ್ರ ಆಟ ಮುಗದ ಮ್ಯಾಲ. ಕೈ ಮುಗೀತೀನ್ರಿ."

ಅಲ್ಲಾಸಾಬ ಒಳಗೆ ಹೋಗಿ ತಮ್ಮನ ಹೆಂಡತಿ ಮೈಮುನಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಆಟ ಮುಗಿಯೂದ್ರಾಗ ನಾವು ಮಣ್ಣ ಕೊಟ್ಟ ಬಂದಿರ್ತೀವಿ. ಮಗಗ ಅಪ್ಪನ ಕಡೀ ದೀದಾರು ಆಗಬೇಕಂದ್ರ ಈಗ ಹೇಳಬೇಕು. ಹೇಳಿದ್ರ ಅಲ್ಲಿ ಆ ಥಂಡಿಯಾಗ, ನಮ್ಮವರಂತ ಒಬ್ಬರಿಲ್ಲ..."

"ಅಪ್ಪನ ಮಾರಿ ನೋಡದಂಗ ಒಯ್ಯಾಕ ನಾ ಬಿಡಾಂಗಿಲ್ಲ ಭಾಯಿ," ಅಂದಳು ಮೈಮುನಬಿ.

"ಹಂಗಾರ ಹೇಳೂಣು?"

ಅವಳು ಎದ್ದಳು. ಒಳಗಿನಿಂದ ತಮ್ಮ ಹಾಸಿಗೆಯ ಹೂವಿನ ಚಾದರ ತಂದಳು. ಗಂಡನ ಮೂಗಿನ ಹತ್ತಿ ತೆಗೆದಳು. ಗದ್ದಕ್ಕೆ ಕಟ್ಟಿದ್ದ ಪಟ್ಟಿ ಬಿಚ್ಚಿದಳು. ಹಣೆಯ ಮೇಲಿನ ಕರ್ಪೂರದ ಪುಡಿಯನ್ನು ಸೆರಗಿನಿಂದ ಒರೆಸಿ, ತಲೆಯ ಕಡೆಯ ಬಿಳಿ ಬಟ್ಟೆಯನ್ನು ಹಿಂದಕ್ಕೆ ಮಡಚಿ, ಚಾದರವನ್ನು ಕುತ್ತಿಗೆಯವರೆಗೆ ಎಳೆದಳು. ಆಮೇಲೆ ಅಂಗಳದ ಕಡೆ ತಿರುಗಿದಳು.

"ಎಲ್ಲಾರೂ ಬಾಯಿ ಮುಚ್ಚರಿ. ಎರಡ ಮಿನಿಟ. ಆಮ್ಯಾಲ ಬೇಕಾದಷ್ಟ ಅಳ್ರೆಂತ."

ಸತ್ತವರಿಗಾಗಿ ಎರಡು ನಿಮಿಷ ಮೌನ ಆಚರಿಸುವುದುಂಟು. ಆ ಅಂಗಳದಲ್ಲಿ ಬದುಕಿದ್ದವನಿಗಾಗಿ ಆಚರಿಸಿದರು.

ಮೊಬೈಲಿನಲ್ಲಿ ಅಸ್ಲಮನ ಮುಖ ಮೂಡಿತು. ಮೀಸೆಯ ಮೇಲೆ ಮಂಜು, ತುಟಿ ಒಡೆದಿತ್ತು.

"ಅಮ್ಮಾ, ನೋಡಾಕತ್ತೀರೇನು? ಹದಿನಾಲ್ಕು ಹೋದ್ವು. ಅಬ್ಬಾ ಏನಂದ? ಬೈದಿರಬೇಕು."

"ಇಲ್ಲಪ್ಪ. ಏನೂ ಅಂದಿಲ್ಲ."

"ಅಂವಗ ಕೊಡು."

"ಮಲ್ಕೊಂಡಾನ. ನೋಡಿಲ್ಲೆ."

ಅವಳು ಮೊಬೈಲನ್ನು ರಾಜಾಸಾಬನ ಮುಖದ ಮೇಲೆ ಹಿಡಿದಳು. ಇನ್ನೊಂದು ಕೈಯಿಂದ ತನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಸುತ್ತ ಲೋಬಾನದ ಹೊಗೆ, ಬಟ್ಟೆಗೆ ಹಚ್ಚಿದ ಅತ್ತರು ಗಮ್ಮೆನ್ನುತ್ತಿದ್ದವು. ಮೊಬೈಲಿನೊಳಗೆ ವಾಸನೆ ಹೋಗುವುದಿಲ್ಲ, ಪುಣ್ಯಕ್ಕೆ.

"ಅಬ್ಬಾ ಸೊರಗ್ಯಾನಲ್ಲಮ್ಮ?"

"ನೀ ದೂರ ಅದೀ. ಹಂಗ ಕಾಣ್ತೈತಿ."

"ಎಬ್ಬಿಸಬ್ಯಾಡ ಬಿಡು. ಮಲ್ಕೊಂಡಿದ್ದು ಛಲೋ ಆತು. ಇನ್ನರ್ಧ ಆಟ ಇದಕ್ಕಿಂತ ಕೆಟ್ಟ ಐತಿ, ಅಂವ ನೋಡೂದು ಬ್ಯಾಡ."

"ಮಾರಿ ಪೂರಾ ಕಂಡೈತೇನು ಮಗನ?"

"ಕಂಡೈತಿ. ಯಾಕ?"

ಅಲ್ಲಿ ಸೀಟಿ ಕೇಳಿಸಿತು. ಹಾಲೇಶನ ಕೈ ಅಡ್ಡ ಬಂದು ಮೊಬೈಲು ಕತ್ತಲಾಯಿತು.

ತಡೆದುಕೊಂಡಿದ್ದ ಅಂಗಳವೆಲ್ಲ ಒಮ್ಮೆಲೇ ಒಡೆಯಿತು. ಅಲ್ಲಾಸಾಬ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. "ಸುದ್ದಿ ತಿಳಿದ ಮ್ಯಾಲ ಅಂವ ನಮ್ಮನ್ನ ಬಿಡ್ತಾನೇನು ಮೈಮುನಾ? ಅಂವಗ ಏನಂತ ಹೇಳ್ತಿ?"

ಮೈಮುನಬಿ ಚಾದರ ತೆಗೆದು ಮಡಚಿದಳು. ಹತ್ತಿಯನ್ನು ಮತ್ತೆ ಇಟ್ಟು, ಗದ್ದದ ಪಟ್ಟಿ ಕಟ್ಟಿದಳು. ಬಿಳಿ ಬಟ್ಟೆಯನ್ನು ಮುಖದ ಮೇಲೆ ಎಳೆದಳು.

"ಎಬ್ಬಿಸಬ್ಯಾಡ ಅಂತ ಅಂವನೇ ಅಂದಾನ," ಅಂದಳು. "ಎತ್ರಿ ಇನ್ನ."