ಬಿಳಿ ಕೊಕ್ಕರೆಯ ವೇಷ

ಗುಂಡಿಯ ಅಂಚಿಗೆ ಬಂದ ಮೇಲೆ ಒಂದುಸಿರೂ ಹೆಚ್ಚಿಗೆ ಊದುವುದಿಲ್ಲ ಎಂದು ಶೂಯಿನ್ ಹತ್ತು ವರ್ಷದವಳಿದ್ದಾಗ ತಾಯಿಗೆ ಮಾತು ಕೊಟ್ಟಿದ್ದಳು. ಚೀನಾದ ಕಡಲಂಚಿನ ಆ ಊರಿನಲ್ಲಿ ಸತ್ತವರು ಸ್ಮಶಾನಕ್ಕೆ ತಾವೇ ನಡೆದುಹೋಗುತ್ತಾರೆ, ಓಲಗದಂಥ ಸುವೋನಾ ಮೊಳಗುತ್ತಿರುವಷ್ಟು ಹೊತ್ತು. ಅದು ನಿಂತರೆ ಮಲಗಿಬಿಡುತ್ತಾರೆ, ಮತ್ತೆ ಏಳುವುದಿಲ್ಲ. ಮನಸ್ಸು ಬಾರದ ಮಕ್ಕಳು ಹೆತ್ತವರನ್ನು ಸಂಜೆಯವರೆಗೂ ಊರೆಲ್ಲ ಸುತ್ತಿಸುವುದನ್ನು ತಾಯಿ ಬಹಳ ಕಂಡಿದ್ದಳು.

ನಲವತ್ತು ವರ್ಷ ಪರರ ಶವಯಾತ್ರೆಗಳಲ್ಲಿ ಬಿಳಿ ಕೊಕ್ಕರೆಯ ವೇಷ ಹಾಕಿ ಕುಣಿದ ಆ ತಾಯಿ ಮೊನ್ನೆ ತೀರಿಕೊಂಡಿದ್ದಳು. ಇವತ್ತು ಅದೇ ರೆಕ್ಕೆ ತೊಟ್ಟು ಮಗಳ ಸುವೋನಾದ ಹಿಂದೆ ಬರುತ್ತಿದ್ದಳು. ಬಟ್ಟಲ ನೀರಿನಲ್ಲಿ ಹುಲ್ಲುಕಡ್ಡಿ ಊದಿಸಿ, ಉಸಿರು ಕಡಿಯದಂತೆ ನುಡಿಸಲು ಕಲಿಸಿದ್ದೂ ಅವಳೇ. ಆಗೆಲ್ಲ ನೀರಿನ ಗುಳ್ಳೆ ನಿಂತರೆ ಕಿವಿ ಹಿಂಡುತ್ತಿದ್ದಳು.

ಗುಂಡಿ ಬಂತು.

“ನಿಲ್ಲಿಸು ಮಗಾ,” ಎಂದ ಡೋಲು ಬಾರಿಸುತ್ತಿದ್ದ ಗುವೋ ಮಾವ. “ಬಿಸಿಲೇರ್ತಾ ಇದೆ. ನಿಮ್ಮಮ್ಮ ಕನಸಲ್ಲಿ ಬಂದು ಬೈಯೋದು ನನ್ನನ್ನ, ನಿನಗೇನು.”

ಶೂಯಿನ್ ತಿರುಗಿ ನೋಡಿದಳು. ತಾಯಿ ರೆಕ್ಕೆ ಬಿಚ್ಚಿ, ತಾಳಕ್ಕೆ ಸರಿಯಾಗಿ ಒಂದು ಕಾಲೆತ್ತಿ ನಿಂತು ಕಾಯುತ್ತಿದ್ದಳು.

ಶೂಯಿನ್ ಊದುತ್ತಲೇ ಗುಂಡಿಯನ್ನು ಸುತ್ತಿಕೊಂಡು, ಪೇಟೆಯ ದಾರಿ ಹಿಡಿದಳು. ತಾಯಿಗೆ ಕೊಟ್ಟ ಮಾತನ್ನು ಅವಳು ನಡೆಸಿಕೊಡಲಿಲ್ಲ.