ಕಾರ್ಡಿನ ಪಕ್ಕದ ಗುಂಡಿ

“ಇನ್ನೊಂದು ಬ್ಯಾಟರಿ ಕೊಡಪ್ಪ. ಇವಳು ನಗೋಷ್ಟರಲ್ಲಿ ಇದೂ ಪ್ರಾಣ ಬಿಟ್ಟಿರುತ್ತೆ,” ಅಂದಳು ಚಿಕ್ಕಮ್ಮ, ಕ್ಯಾಮೆರಾ ಅಂಗಡಿಯಲ್ಲಿ ಪಕ್ಕದಲ್ಲಿ ನಿಂತ ಹುಡುಗಿಯನ್ನು ತೋರಿಸುತ್ತ. ನಾಳೆಯೊಳಗೆ ಹುಡುಗನ ಮನೆಗೆ ಫೋಟೋ ಹೋಗಬೇಕಿತ್ತು. ಆ ಮದುವೆ ಬೇಡವೆನ್ನಲು ಹುಡುಗಿಗೆ ಇನ್ನೂ ಬಾಯಿ ಬಂದಿರಲಿಲ್ಲ.

ಅಂಗಡಿಯವನು ಹುಡುಗಿಯ ಕೈಗೆ ಮೆಮೊರಿ ಕಾರ್ಡ್ ಕೊಟ್ಟ. “ಸಾವಿರಾರು ಫೋಟೋ ಹಿಡಿಯುತ್ತಮ್ಮ. ಪಕ್ಕದ ಈ ಗುಂಡಿ ಕೆಳಗೆ ಜಾರಿದರೆ ಲಾಕ್ ಆಗುತ್ತೆ, ಆಮೇಲೆ ಒಂದೂ ಹಿಡಿಯಲ್ಲ.” ಚಿಕ್ಕಮ್ಮ ಬ್ಯಾಟರಿಗಳಲ್ಲೇ ಮುಳುಗಿದ್ದಳು. ಹುಡುಗಿಯ ಉಗುರು ಆ ಗುಂಡಿಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಲೇ ಇತ್ತು.

ಚಿಕ್ಕಮ್ಮ ಕಾರ್ಡನ್ನು ಕಸಿದು ಕ್ಯಾಮೆರಾಕ್ಕೆ ಹಾಕಿ ಅವಳತ್ತ ಹಿಡಿದಳು. “ಸ್ವಲ್ಪ ಹಲ್ಲು ಬಿಡೇ!” ಕ್ಯಾಮೆರಾ ಕೀಂ ಎಂದು ಸುಮ್ಮನಾಯಿತು. “ಏನಪ್ಪಾ, ಹಾಳು ಕಾರ್ಡ್ ಕೊಟ್ಟಿದೀಯ?”

“ಕಾರ್ಡ್ ಚೆನ್ನಾಗೇ ಇದೆ ಚಿಕ್ಕಮ್ಮ, ನಾನೇ ಲಾಕ್ ಮಾಡಿದ್ದು,” ಎಂದಳು ಹುಡುಗಿ. “ನನಗೆ ಈ ಮದುವೆ ಬೇಡ.”