ಕರಡಿಯ ಎತ್ತರ

ದಸರಾ ರಜೆಗೆ ತೆರೆ ಕಾಣಬೇಕಿದ್ದ ಮಕ್ಕಳ ಹಾಸ್ಯಚಿತ್ರ. ಕಂಪ್ಯೂಟರ್ ಪರದೆಯ ಮೇಲೆ ಪುಟ್ಟ ನಟಿ ಖಾಲಿ ಗಾಳಿಯನ್ನು ತಬ್ಬಿ ನಗುತ್ತಿದ್ದಳು. ಆ ಜಾಗದಲ್ಲಿ ಕಾರ್ಟೂನ್ ಕರಡಿ ಬರೆಯುವುದು ಮಂದಾರಳ ಕೆಲಸ.

"ಸರ್, ಕರಡಿ ಇವಳ ಸೊಂಟದಷ್ಟೇ ಎತ್ತರ. ಇವಳು ನೋಡಿದ್ರೆ ಯಾರೋ ದೊಡ್ಡವರ ಕೊರಳಿಗೆ ಕೈ ಹಾಕಿದ ಹಾಗಿದೆ."

ನಿರ್ದೇಶಕರು ತಲೆ ಎತ್ತಲಿಲ್ಲ. "ಹೋದ ತಿಂಗಳು ಅವರಪ್ಪ ತೀರಿಕೊಂಡ್ರು. ಮಗು ನಗ್ತಾನೇ ಇರಲಿಲ್ಲ. ಅಪ್ಪ ಬಂದಿದ್ದಾರೆ ಅಂದ್ಕೊಂಡು ತಬ್ಕೋ ಅಂತ ನಾನೇ ಹೇಳ್ದೆ. ಕರಡೀನೇ ದೊಡ್ಡದು ಮಾಡಿಬಿಡಮ್ಮ."

"ಮಾಡ್ತೀನಿ. ಆದ್ರೆ ಅವಳನ್ನ ಮೇಲೆತ್ತಿದ ಹಗ್ಗ ಎಲ್ಲಿ ಕಟ್ಟಿದ್ರಿ? ಚಿತ್ರದಿಂದ ಅದನ್ನ ಅಳಿಸಬೇಕು, ಆದ್ರೆ ಎಲ್ಲೂ ಕಾಣಿಸ್ತಿಲ್ಲ."

"ಯಾವ ಹಗ್ಗ? ನಾವು ಹಗ್ಗ ಕಟ್ಟೇ ಇಲ್ಲವಲ್ಲ."

ಮಂದಾರ ಚಿತ್ರವನ್ನು ನಿಲ್ಲಿಸಿ ಮಗುವಿನ ಕಾಲಿನತ್ತ ಬೆರಳು ತೋರಿಸಿದಳು. ಪಾದಕ್ಕೂ ನೆಲಕ್ಕೂ ನಡುವೆ ಒಂದು ಮೊಳ ಅಂತರವಿತ್ತು.